ಸಮಹಗಲಿನ ದಿನ ಹಗಲು ಸಮವಿಲ್ಲ

ಮಾರ್ಚ್ 20ರಂದು ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಸುಮಾರು 6:24ಕ್ಕೆ, ಮುಳುಗುವುದು ಸಂಜೆ 6:31ಕ್ಕೆ. ಲೆಕ್ಕ ಹಾಕಿ ನೋಡಿ. ಹಗಲು 12 ಗಂಟೆ 7 ನಿಮಿಷ, ರಾತ್ರಿ 11 ಗಂಟೆ 53 ನಿಮಿಷ. ವಿಷುವದ ದಿನ, ಎಂದರೆ ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ಬರುವ ಈ ದಿನ, ಹಗಲು ರಾತ್ರಿ ಸಮ ಎಂದು ಶಾಲೆಯಲ್ಲಿ ಉರು ಹೊಡೆಸಿದ್ದನ್ನು ಇಂದಿಗೂ ಮಕ್ಕಳಿಗೆ ಹಾಗೆಯೇ ದಾಟಿಸುತ್ತಿದ್ದೇವಲ್ಲ, ಅದು ನನಗೆ ಸಹಿಸದ ಸಂಗತಿ. ಏಕೆಂದರೆ ಈ ಏಳು ನಿಮಿಷದಲ್ಲೇ ಸೊಗಸೆಲ್ಲ ಇರುವುದು.

ಏಳರಲ್ಲಿ ಎರಡು ನಿಮಿಷದ ಕಾರಣ ಸರಳ. ಸೂರ್ಯ ಚುಕ್ಕಿಯಲ್ಲ, ಬಿಂಬ. ಮೇಲಂಚು ಇಣುಕಿದರೆ ಉದಯ, ಅದೇ ಮೇಲಂಚು ಮರೆಯಾದರೆ ಅಸ್ತ. ಬಿಂಬದ ನಡುವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಈ ಎರಡು ನಿಮಿಷ ಇರುತ್ತಿರಲಿಲ್ಲ.

ಉಳಿದ ಐದು ನಿಮಿಷ ಗಾಳಿಯ ಕೊಡುಗೆ. ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು, ಅಂಚು ಅದನ್ನು ಮರೆಮಾಡುವಷ್ಟು ಹಿಂದೆ ಸರಿದು ನಿಲ್ಲಿ. ಯಾರಾದರೂ ಮೆಲ್ಲಗೆ ನೀರು ಹುಯ್ದರೆ ನಾಣ್ಯ ಮೇಲೆದ್ದು ಕಾಣುತ್ತದೆ. ಒಂದು ಗಾಲಿ ಮೊದಲು ಕೆಸರಿಗಿಳಿದರೆ ಎತ್ತಿನ ಗಾಡಿ ಆ ಕಡೆಗೇ ವಾಲಿ ತಿರುಗುವುದಿಲ್ಲವೇ? ಬೆಳಕೂ ಹಾಗೆಯೇ. ನೆಲದ ಹತ್ತಿರ ಗಾಳಿ ದಟ್ಟ, ಮೇಲೆ ತೆಳು. ಕಿರಣದ ಕೆಳಬದಿ ತುಸು ನಿಧಾನವಾಗಿ, ಕಿರಣ ನೆಲದತ್ತ ಬಾಗುತ್ತದೆ. ದಿಗಂತದಲ್ಲಿ ಈ ಬಾಗು ಅರ್ಧ ಡಿಗ್ರಿಗಿಂತ ಚೂರು ಹೆಚ್ಚು. ಸೂರ್ಯಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ! ಎಂದರೆ, ಮಲ್ಪೆಯ ಮರಳಿನಲ್ಲಿ ಕೂತವರಿಗೆ ಸೂರ್ಯನ ಕೆಳಅಂಚು ಕಡಲನ್ನು ಮುಟ್ಟಿತು ಅನ್ನಿಸುವ ಹೊತ್ತಿಗೆ ನಿಜವಾದ ಸೂರ್ಯ ಪೂರ್ತಿ ಮುಳುಗಿ ಆಗಿದೆ. ಕೆಳಅಂಚನ್ನು ಗಾಳಿ ಹೆಚ್ಚು ಎತ್ತುತ್ತದೆ, ಮೇಲಂಚನ್ನು ಕಡಿಮೆ. ಅದಕ್ಕೇ ಆಗ ಬಿಂಬ ಮೇಲೆ ಕೆಳಗೆ ಒತ್ತಿದ ನಿಂಬೆಹಣ್ಣಿನಂತೆ ಚಪ್ಪಟೆಯಾಗಿ ಕಾಣುವುದು.

1597ರ ಜನವರಿಯಲ್ಲಿ, ಉತ್ತರಧ್ರುವದ ಕಡೆಯ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಹಿಮಕ್ಕೆ ಸಿಕ್ಕಿಬಿದ್ದಿದ್ದ ವಿಲೆಮ್ ಬಾರೆಂಟ್ಸ್‌ನ ಡಚ್ ನಾವಿಕರಿಗೆ, ಸೂರ್ಯನೇ ಹುಟ್ಟದ ಅಲ್ಲಿನ ಉದ್ದ ಚಳಿಗಾಲದ ರಾತ್ರಿಯ ಕೊನೆಗೆ, ಲೆಕ್ಕಕ್ಕಿಂತ ಎರಡು ವಾರ ಮೊದಲೇ ಸೂರ್ಯ ಕಂಡ. ಊರಿಗೆ ಮರಳಿ ಹೇಳಿದಾಗ ಅನೇಕರು ನಂಬಲಿಲ್ಲ. ತಣ್ಣನೆಯ ಗಾಳಿಯ ಪದರಗಳು ಬೆಳಕನ್ನು ಎಂದಿಗಿಂತ ಹಲವು ಪಟ್ಟು ಬಾಗಿಸಿದ್ದವು.

ಹಾಗಾದರೆ ನಿಜಕ್ಕೂ ಸಮವಾಗುವುದು ಎಂದು? ಲಂಡನ್‌ನಲ್ಲಿ ಮಾರ್ಚ್ 17ರ ಸುಮಾರಿಗೆ. ಬೆಂಗಳೂರಿನಲ್ಲಿ ದಿನಕ್ಕೆ ಹಗಲು ಬೆಳೆಯುವುದು ಮುಕ್ಕಾಲು ನಿಮಿಷದಷ್ಟೇ. ಹಾಗಾಗಿ ಇನ್ನೂ ಮೊದಲು, ಮಾರ್ಚ್ 11ರ ಆಸುಪಾಸು. ಮತ್ತೊಮ್ಮೆ ಅಕ್ಟೋಬರ್ ಆರಂಭದಲ್ಲಿ. ಭೂಮಧ್ಯರೇಖೆಯ ಮೇಲಿರುವ ಇಂಡೋನೇಷ್ಯಾದ ಪೊಂಟಿಯಾನಾಕ್‌ನಲ್ಲಿ ಹಗಲು ವರ್ಷವಿಡೀ 12 ಗಂಟೆ 7 ನಿಮಿಷದ ಆಸುಪಾಸಿನಲ್ಲೇ ಇರುತ್ತದೆ. ಆ ಊರಿಗೆ ಹಗಲು ರಾತ್ರಿ ನಿಜಕ್ಕೂ ಸಮವಾಗುವ ದಿನವೇ ಇಲ್ಲ.