ಅಪ್ರೆಂಟಿಸ್ ತಗೊಂಡರೆ ಪರ್ಮನೆಂಟ್ ಮಾಡಲೇಬೇಕಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಎಂಟು ಜನರ ಮೆಷಿನ್ ಶಾಪ್. ಐಟಿಐ ಟರ್ನರ್ ಮುಗಿಸಿದ ಹುಡುಗನನ್ನು ಅಪ್ರೆಂಟಿಸ್ ಆಗಿ ತಗೊಂಡರೆ, ಆಮೇಲೆ ಪರ್ಮನೆಂಟ್ ಮಾಡಲೇಬೇಕಂತೆ. ಹೌದಾ?

ಉತ್ತರ: ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಈ ‘ಅಂತೆ’ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ಸಾಯುತ್ತಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಓದಿ. ಅಪ್ರೆಂಟಿಸ್ ಕಲಿಯಲು ಬಂದವನು, ಕಾರ್ಮಿಕನಲ್ಲ ಅಂತ ಅಲ್ಲೇ ಇದೆ. 2014ರ ತಿದ್ದುಪಡಿಯ ನಂತರದ 22ನೇ ಸೆಕ್ಷನ್ ಓದಿ. ತರಬೇತಿ ಮುಗಿಸಿದವರ ನೇಮಕಕ್ಕೆ ಮಾಲೀಕ ತನ್ನದೇ ನೀತಿ ಮಾಡಿಕೊಳ್ಳಬೇಕು, ಅಷ್ಟೇ. ಕೆಲಸ ಕೊಡಲೇಬೇಕಾಗುವುದು ಒಂದೇ ಸಂದರ್ಭದಲ್ಲಿ: ಮುಗಿದ ಮೇಲೆ ಇಲ್ಲೇ ದುಡಿಯಬೇಕು ಅಂತ ಒಪ್ಪಂದದಲ್ಲಿ ನೀವೇ ಬರೆಸಿದ್ದರೆ. ಹುಡುಗ ಓಡಿಹೋಗದಿರಲಿ ಅಂತ ಆ ಸಾಲು ಸೇರಿಸಿ, ಆಮೇಲೆ ಕಾಯ್ದೆಗೆ ಬೈದರೆ ಹೇಗೆ?

ಪಿಎಫ್, ಇಎಸ್ಐ ಕೂಡ ಇಲ್ಲ. ಆದರೆ ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಸುಮ್ನೆ ಹೆಲ್ಪರ್ ಒಬ್ಬನನ್ನು ‘ಅಪ್ರೆಂಟಿಸ್’ ಅಂತ ಕರೆದರೆ ಈ ವಿನಾಯಿತಿ ಸಿಗಲ್ಲ. ಕೆಲಸದಲ್ಲಿ ಕೈಗೆ ಪೆಟ್ಟಾದರೆ ಪರಿಹಾರದ ಹೊಣೆ ನಿಮ್ಮದೇ, ಅದರಲ್ಲಿ ರಿಯಾಯಿತಿ ಇಲ್ಲ.

30 ಜನ ಇದ್ದರೆ ಅಪ್ರೆಂಟಿಸ್ ಕಡ್ಡಾಯ. 4ರಿಂದ 29 ಇದ್ದರೆ ನಿಮ್ಮಿಷ್ಟ. ಸ್ಟೈಪೆಂಡ್ ನೀವು ಕೊಡಬೇಕು. ಎನ್ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಅದರ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ನೇರ ಹುಡುಗನ ಖಾತೆಗೆ ಹಾಕುತ್ತದೆ.

ನಿಜವಾದ ಭಯ ಬೇರೆಯೇ ಇದೆ, ಅಲ್ವಾ? ಕಲಿತು ಪಕ್ಕದ ಶೆಡ್‌ಗೆ ಹೋಗುತ್ತಾನೆ ಅಂತ. ಯಾಕೆ ಹೋಗುತ್ತಾನೆ ಅಂತ ಮಾತ್ರ ಯಾರೂ ಕೇಳಲ್ಲ. ಮೂರು ತಿಂಗಳು ಟೀ ತರಿಸಿ, ಲೇತ್ ಕೆಳಗೆ ಬಿದ್ದ ಲೋಹದ ಚೂರು ಗುಡಿಸಿಸಿದರೆ ಯಾರು ನಿಲ್ಲುತ್ತಾರೆ? ನಾನೂ ಟೀ ತಂದವನೇ. ನಿಂತದ್ದು ಒಬ್ಬ ಮೇಸ್ತ್ರಿಯಿಂದ. ಅವರು ಕೈಗೆ ಅಳತೆ ನೋಡುವ ವರ್ನಿಯರ್ ಕೊಟ್ಟು, ರಿಜೆಕ್ಟ್ ಆದ ಪೀಸ್‌ಗಳ ಡಬ್ಬಿ ಮುಂದಿಟ್ಟು, ‘ಇವು ಯಾಕೆ ಕೆಟ್ಟವು ಹೇಳು’ ಅಂದರು. ವಾರ ಹಿಡಿಯಿತು. ನಿಮ್ಮ ಶೆಡ್‌ನಲ್ಲೂ ಅಂಥ ಡಬ್ಬಿ ಇದ್ದೇ ಇರುತ್ತದೆ. ಗುಜರಿಗೆ ಹಾಕಬೇಡಿ, ಹುಡುಗ ಬರುವ ತನಕ ಇಟ್ಟಿರಿ.