ಫ್ಲವರ್‌ಹಾರ್ನ್‌ಗೆ ಜೋಡಿ ಹುಡುಕಬ್ಯಾಡ್ರಿ

"ಪಾಪ, ಒಂದ ಐತ್ರಿ, ಬ್ಯಾಸರ ಆಗಂಗಿಲ್ಲೇನ್ರಿ ಅದಕ್ಕ? ಇನ್ನೊಂದು ಕೊಡ್ರಿ." ಫ್ಲವರ್‌ಹಾರ್ನ್ ಮೀನು ಸಾಕಿದವರು ವಾರಕ್ಕ ಒಬ್ಬರಾದ್ರೂ ಬಂದು ನನ್ನ ಹಿಂಗ ಕೇಳ್ತಾರ. ಹುಬ್ಬಳ್ಳಿ-ಧಾರವಾಡದಾಗ ಮನಿ ಮನಿಗೆ ಹೋಗಿ ಅಕ್ವೇರಿಯಂ ನೋಡ್ಕೊಳ್ಳೋ ಕೆಲಸ ನಂದು, ಮೀನೂ ಮಾರ್ತೀನಿ, ಎರಡನೇದು ಮಾರಿದ್ರ ನನಗ ಲಾಭನ ಐತಿ, ಆದ್ರೂ ಕೊಡಂಗಿಲ್ಲ. ಕೆಲವರಿಗೆ ಸಿಟ್ಟು ಬರ್ತೈತಿ, ಬರ್ಲಿ.

ಫಿಲ್ಟರ್, ಥಂಡಿ ದಿನಕ್ಕ ಹೀಟರ್, ವಾರಕ್ಕ ಕಾಲು ಭಾಗ ನೀರು ಬದಲಿ, ಇವೆಲ್ಲ ಸಾಕಿದವರಿಗೆ ಗೊತ್ತಿರೋದ, ಮತ್ತ ಹೇಳಂಗಿಲ್ಲ. ನಳ ಬಂದ ದಿನ ಆ ನೀರು ಸೀದಾ ಟ್ಯಾಂಕಿಗೆ ಸುರೀಬ್ಯಾಡ್ರಿ, ಕ್ಲೋರಿನ್ ಇರ್ತೈತಿ, ಅಷ್ಟು ನೆನಪಿಟ್ರ ಸಾಕು.

ನಾ ಹೇಳಬೇಕಾಗಿರೋದು ಈ ಜೋಡಿ ವಿಚಾರ. ಫ್ಲವರ್‌ಹಾರ್ನ್ ಇಡೀ ಟ್ಯಾಂಕನ್ನ ತನ್ನ ಹೊಲ ಅಂತ ತಿಳ್ಕೊಂಡಿರ್ತೈತಿ, ನಾಕೂ ಗ್ಲಾಸು ಅದರ ಬದು. ಇದು ಯಾವ ಹೊಳ್ಯಾಗೂ ಹುಟ್ಟಿದ ಮೀನಲ್ಲ, 1990ರ ದಶಕದಾಗ ಮಲೇಷ್ಯಾದಾಗ ಮಧ್ಯ ಅಮೆರಿಕದ ಸಿಕ್ಲಿಡ್ ಅನ್ನೋ ಮೀನಿನ ಜಾತಿಗಳನ್ನ ಕೂಡಿಸಿ ಮಾಡಿದ ತಳಿ, ಆದ್ರ ಸ್ವಭಾವ ಮಾತ್ರ ಹಿರೇರದ್ದ ಬಂದೈತಿ. ಆ ಹಿರೇ ಮೀನುಗಳು ತತ್ತಿ ಇಟ್ಟು ಹೊಂಟು ಹೋಗಂಗಿಲ್ಲ, ಕಲ್ಲಿನ ಮ್ಯಾಲೆ ತತ್ತಿ ಅಂಟಿಸಿ ಗಂಡು ಹೆಣ್ಣು ಎರಡೂ ಕಾವಲು ನಿಂದರ್ತಾವು, ಮರಿ ಒಡದು ಹೊರಗ ಬಂದ ಮ್ಯಾಲೂ ಕಾಯ್ತಾವು. ಕಾಯಬೇಕಂದ್ರ ಜಾಗ ಹಿಡೀಬೇಕು, ಜಾಗ ಹಿಡದ ಮ್ಯಾಲೆ ಬಂದವರನ್ನ ಹೊಡದು ಹಾಕಬೇಕು. ಹೊಳ್ಯಾಗ ಸೋತ ಮೀನು ಓಡಿ ಹೋಗ್ತೈತಿ, ತುಸು ದೂರ ಹೋದ್ರ ಗೆದ್ದದ್ದು ತಿರುಗಿ ತನ್ನ ಕಲ್ಲಿಗೆ ಬರ್ತೈತಿ, ಜಗಳ ಮುಗೀತು. ನಿಮ್ಮ ಮನ್ಯಾಗಿನ ನಾಕ ಫೂಟಿನ ಟ್ಯಾಂಕ್‌ನ್ಯಾಗ ಅದು ಓಡಿ ಎಲ್ಲಿಗೆ ಹೋಗಬೇಕ್ರಿ? ಆ ತುದಿ ಗ್ಲಾಸಿಗೆ ಹೋಗಿ ನಿಂದರ್ತೈತಿ, ಗೆದ್ದ ಮೀನಿಗೆ ಅದು ಇನ್ನೂ ತನ್ನ ಹೊಲದಾಗ ನಿಂತಂಗ ಕಾಣ್ತೈತಿ, ಮತ್ತ ಹೊಡಿತೈತಿ, ಇದು ಮತ್ತ ಈ ತುದಿಗೆ ಓಡ್ತೈತಿ. "ಭಾಳ ಕೆಟ್ಟ ಮೀನು ಕೊಟ್ರಿ" ಅಂತ ನನಗ ಫೋನ್ ಮಾಡ್ತಾರ. ಮೀನು ಕೆಟ್ಟದ್ದಲ್ರಿ, ಸೋತದ್ದಕ್ಕ ಹೋಗಾಕ ದಾರಿ ಇಲ್ಲ, ತೊಂದರೆ ಇರೋದ ಅಲ್ಲೆ.

"ಮತ್ತ ಅಂಗಡ್ಯಾಗ ಇಪ್ಪತ್ತು ಕೂಡೇ ಇದ್ವಲ್ಲ?" ಅಂತ ಕೇಳ್ತಾರ, ನ್ಯಾಯವಾದ ಪ್ರಶ್ನೆನ. ಅಂಗಡ್ಯಾಗ ಇರೋವು ಎರಡು ಇಂಚಿನ ಮರಿ, ಕಿಕ್ಕಿರಿದು ತುಂಬಿರ್ತಾವು, ಯಾವುದಕ್ಕೂ ಒಂದು ಮೂಲಿ ಹಿಡದು ಕೂಡಾಕ ಆಗಂಗಿಲ್ಲ, ಪೆಟ್ಟು ಬಿದ್ರೂ ಎಲ್ಲಾದ್ರ ಮ್ಯಾಲೆ ಹಂಚಿ ಬೀಳ್ತೈತಿ. ಎರಡು ಮಾತ್ರ ಇದ್ರ ಅಷ್ಟೂ ಪೆಟ್ಟು ಒಂದಕ್ಕ. ಅದ ಮರಿ ಬೆಳದು ಒಂದು ಫೂಟಿನ ತನಕ ಆಗ್ತೈತಿ, ಆಗ ನಿಮಗ ಅಂಗಡ್ಯಾಗ ನೋಡಿದ್ದು ನೆನಪಿಗೆ ಬಂದ್ರ ಉಪಯೋಗಿಲ್ಲ.

ದುರ್ಗದಬೈಲ್ ಕಡೆ ಅರಬಿ ಅಂಗಡಿ ಸಾವ್ಕಾರ್ರೊಬ್ಬರು ಗಲ್ಲೆ ಬಾಜೂಕ ಒಂದು ಕೆಂಪು ಗಂಡು ಇಟ್ಟಿದ್ರು, ಭಾಳ ಪ್ರೀತಿ ಅದರ ಮ್ಯಾಲೆ. ಅವರ ಮನಿಯವರು "ಒಂಟಿ ಇರಬಾರದು" ಅಂದ್ರಂತ, ನಾ ಕೊಡಲಿಲ್ಲ ಅಂತ ಬ್ಯಾರೆ ಕಡಿಂದ ಒಂದು ಹೆಣ್ಣು ತಂದು ಸಂಜಿಮುಂದ ಬಿಟ್ರು. ರಾತ್ರಿ ಅಂಗಡಿ ಮುಚ್ಚೋ ತನಕ ಎರಡೂ ಸುಮ್ಮನ ಇದ್ವಂತ. ಮುಂಜಾನೆ ನನಗ ಫೋನ್, ಹೋಗಿ ನೋಡಿದ್ರ ಹೆಣ್ಣು ಹೀಟರ್ ಹಿಂದ ನೆಟ್ಟಗ ನಿಂತಿತ್ತು, ಬಾಯಿ ನೀರಿನ ಮ್ಯಾಲೆ, ಬಾಲದ ರೆಕ್ಕಿ ಅರ್ಧ ಇಲ್ಲ, ಕೆಳಗ ಹರಳಿನ ಮ್ಯಾಲೆ ಹುರುಪಿ ಜರಿ ಚೂರು ಉದುರಿದಂಗ ಹೊಳಿತಿದ್ವು. ಸಾವ್ಕಾರ್ರು ಚಾ ತರಿಸಿದ್ರು, ತಾವು ಕುಡೀಲಿಲ್ಲ. ಬಕೆಟ್‌ನ್ಯಾಗ ಹಾಕ್ಕೊಂಡು ನಮ್ಮ ಮನಿಗೆ ತಂದೆ, ಬ್ಯಾರೆ ಟ್ಯಾಂಕು, ಲೀಟರಿಗೆ 1 ಗ್ರಾಂನಷ್ಟು ಕಲ್ಲುಪ್ಪು, ಸ್ವಚ್ಛ ನೀರು, ಕತ್ತಲಿ. ಎಲ್ಲಾ ಗಾಯಕ್ಕೂ ಇಷ್ಟು ಸಾಲ್ತೈತಿ ಅನ್ನಂಗಿಲ್ಲ, ಅದು ಉಳೀತು. ರೆಕ್ಕಿ ನಿಧಾನಕ್ಕ ಮತ್ತ ಬಂತು.

ಜೋಡಿ ಮಾಡಬೇಕಂತ ಹಟ ಇದ್ದವರಿಗೆ: ನಡುವ ತೂತು ಇರೋ ಡಿವೈಡರ್ ಹಾಕಿ ವಾರಗಟ್ಲೆ ಬ್ಯಾರೆ ಇಡ್ರಿ, ಕಲ್ಲು ಎಲ್ಲಾ ಜಾಗ ಬದಲಿ ಮಾಡ್ರಿ, ಲೈಟ್ ಆರಿಸಿ, ಎದುರು ಕೂತು ನೋಡ್ಕೋತ ಬಿಡ್ರಿ. ಇಷ್ಟು ಮಾಡಿದ್ರೂ ನಾ ಗ್ಯಾರಂಟಿ ಕೊಡಂಗಿಲ್ಲ, ಕೂಡಿ ತತ್ತಿ ಇಟ್ಟ ಜೋಡಿನೂ ಮರುದಿನ ಕಚ್ಚಾಡಿದ್ದು ನೋಡೀನಿ. ಬ್ಯಾಸರ ಅಂತೀರಲ್ಲ, ನೀವು ಬಾಗಲ ತೆಗದ ಕೂಡ್ಲೇ ಗ್ಲಾಸಿಗೆ ಓಡಿ ಬರ್ತೈತಲ್ಲ, ಊಟ ಹಾಕೋರನ್ನ ಅದು ಗುರ್ತು ಹಿಡಿತೈತಿ. ದಿನಾ ಹತ್ತು ನಿಮಿಷ ಎದುರು ಕೂಡ್ರಿ.

ಆ ಹೆಣ್ಣು ಈಗ ಸಾವ್ಕಾರ್ರ ಮನ್ಯಾಗ ಬ್ಯಾರೆ ಟ್ಯಾಂಕ್‌ನ್ಯಾಗ ಐತಿ, ಅಕ್ಕಾರ ನೋಡ್ಕೋತಾರ. ಹೋದ ತಿಂಗಳು ಫೋನ್ ಮಾಡಿದ್ರು, "ಗಂಡಿಲ್ಲದ ತತ್ತಿ ಹೆಂಗ ಇಡ್ತ್ರಿ?" ಕೋಳಿ ಇಟ್ಟಂಗ ಇಡ್ತೈತ್ರಿ ಅಕ್ಕಾರ, ಮರಿ ಆಗಂಗಿಲ್ಲ ಅಂದೆ. ಮೂರು ದಿನ ಆ ಬೆಳ್ಳಗಾದ ತತ್ತಿ ಮುಂದ ನಿಂತು ರೆಕ್ಕಿಲೆ ಗಾಳಿ ಹಾಕಿತಂತ, ಕಸ ತೆಗ್ಯಾಕ ಕೈ ಹಾಕಿದ್ರ ಅಕ್ಕಾರ ಬೆರಳಿಗೆ ಬಂದು ಕಚ್ಚಿತಂತ.