ಮನೆ ಗಿರಗಿರ ಸುತ್ತಿದರೆ ಅದು ಪಿತ್ತವೇ?

ಪ್ರಶ್ನೆ: ಡಾಕ್ಟ್ರೇ, ಮೊನ್ನೆ ಬೆಳಗ್ಗೆಯಿಂದ ಮನೆಯೇ ಗಿರಗಿರ ಸುತ್ತುತ್ತಿದೆ. ಹಳದಿ ನೀರು ವಾಂತಿಯಾಯಿತು. ನಿಂಬೆ ಶರಬತ್ತು, ಜೀರಿಗೆ ಕಷಾಯ ಎಲ್ಲಾ ಆಯಿತು. ಪಿತ್ತ ಇಳಿಯಲು ಇನ್ನೇನು ಕುಡಿಯಬೇಕು? (ಮುಳಬಾಗಿಲು)

ಉತ್ತರ: ಮತ್ತೆ ಪಿತ್ತ! ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಯಾರ ತಲೆ ತಿರುಗಿದರೂ ತಪ್ಪೆಲ್ಲ ಅದರದ್ದೇ. ಕೋಲಾರದಲ್ಲಿ ಕೂತು ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಇರಲಿ, ಇನ್ನೊಂದು ಸಲ.

ಪಿತ್ತ ತಯಾರಾಗುವುದು ಪಿತ್ತಜನಕಾಂಗದಲ್ಲಿ, ಇಳಿಯುವುದು ಸಣ್ಣ ಕರುಳಿಗೆ. ವಾಂತಿ ಮಾಡಿ ಮಾಡಿ ಹೊಟ್ಟೆ ಖಾಲಿಯಾದ ಮೇಲೆ ಅದು ಮೇಲಕ್ಕೆ ಬರುತ್ತದೆ. ನೀವು ಕಂಡ ಹಳದಿ ನೀರು ಅದೇ. ಅಂದರೆ ಮೊದಲು ತಲೆ ತಿರುಗಿತು, ಆಮೇಲೆ ವಾಂತಿ, ಕೊನೆಗೆ ಪಿತ್ತ. ಕೊನೆಗೆ ಬಂದವನನ್ನು ಕಳ್ಳ ಅಂದರೆ ಹೇಗೆ? ತಿರುಮಲಕ್ಕೆ ಬಸ್ಸಿನಲ್ಲಿ ಹೋಗಿದ್ದೀರಲ್ವಾ? ಅಲಿಪಿರಿಯವರೆಗೆ ಹಾಯಾಗಿದ್ದವರು ಬೆಟ್ಟದ ತಿರುವುಗಳಲ್ಲಿ ಕವರ್ ಹುಡುಕುತ್ತಾರೆ. ಪಿತ್ತಕ್ಕೆ ರಸ್ತೆ ತಿರುವು ಗೊತ್ತಾಗುತ್ತದೆಯೇ? ಗೊತ್ತಾಗುವುದು ಕಿವಿಗೆ.

ಒಳಗಿವಿಯಲ್ಲಿ ನೀರು ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ಎತ್ತ ತಿರುಗಿತು ಎಂದು ನರದ ಮೂಲಕ ಮೆದುಳಿಗೆ ಸುದ್ದಿ ಕೊಡುವುದು ಅವೇ. ಆ ನರ ಊದಿಕೊಂಡರೆ, ಎಷ್ಟೋ ಸಲ ನೆಗಡಿ ಜ್ವರದ ಬೆನ್ನಿಗೇ, ಒಂದು ಕಡೆಯ ಸುದ್ದಿ ಕಡಿಮೆಯಾಗುತ್ತದೆ. ನೀವು ಮಲಗಿದ್ದರೂ ತಲೆ ತಿರುಗುತ್ತಿದೆ ಎಂದೇ ಮೆದುಳು ತಿಳಿಯುತ್ತದೆ. ಜೊತೆಗೆ ಕಿವಿಯೂ ಮಂದವಾದರೆ ಊತ ಒಳಗಿವಿಗೇ ಇರಬಹುದು. ಆಗ ತಡ ಮಾಡಬೇಡಿ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಮಾತ್ರ, ಅರ್ಧ ನಿಮಿಷ ಸುತ್ತಿದರೆ ಅದು ಊತವಲ್ಲ, ಒಳಗಿವಿಯಲ್ಲಿರುವ ಸಣ್ಣ ಸುಣ್ಣದ ಹರಳು ಜಾಗ ಬಿಟ್ಟು ಜಾರಿದ್ದು. ಅದಕ್ಕೆ ಮಾತ್ರೆಗಿಂತ, ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನವೇ ಮದ್ದು.

ನಿಮಗೆ ಎರಡು ದಿನವಾಗಿದೆ. ಇವತ್ತೇ ತೋರಿಸಿ. ಡಾಕ್ಟರು ನಿಮ್ಮ ಕಣ್ಣು ನೋಡುತ್ತಾರೆ, ತಮ್ಮ ಮೂಗನ್ನೇ ನೋಡಲು ಹೇಳಿ ನಿಮ್ಮ ತಲೆಯನ್ನು ಫಟ್ಟನೆ ತಿರುಗಿಸುತ್ತಾರೆ. ನರ ಕೆಟ್ಟಿದ್ದರೆ ಕಣ್ಣು ಜಾರಿ ಮತ್ತೆ ಮೂಗಿಗೆ ಬರುತ್ತದೆ. ಸುತ್ತು ನಿಂತಿಲ್ಲ, ಕಣ್ಣೂ ಜಾರಲಿಲ್ಲ ಅಂದರೆ ನಮಗೆ ಭಯ ಜಾಸ್ತಿ, ಮೆದುಳಿನ ಸ್ಟ್ರೋಕ್ ಇರಬಹುದು. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ ಶರಬತ್ತು ಬಿಟ್ಟು ನೇರ ದೊಡ್ಡಾಸ್ಪತ್ರೆಗೆ ಹೋಗಿ.

ತಲೆಸುತ್ತಿನ ಮಾತ್ರೆ ಎರಡು ಮೂರು ದಿನ ಸಾಕು. ತಿಂಗಳುಗಟ್ಟಲೆ ನುಂಗಿದರೆ ಒಂದು ಕಡೆಯ ಸುದ್ದಿ ಕಡಿಮೆಯಿದ್ದರೂ ಸಮತೋಲ ಹಿಡಿಯುವ ಹೊಸ ಲೆಕ್ಕವನ್ನು ಮೆದುಳು ಕಲಿಯುವುದೇ ತಡವಾಗುತ್ತದೆ. ಕೆಲವರಿಗೆ ಸ್ಟೀರಾಯ್ಡ್ ಕೊಡುತ್ತೇವೆ. ವಾಂತಿ ನಿಂತ ಮೇಲೆ ಗೋಡೆ ಹಿಡಿದಾದರೂ ಓಡಾಡಿ. ಬೆರಳನ್ನೇ ನೋಡುತ್ತಾ ತಲೆ ಆಡಿಸಿ. ಸುತ್ತು ಬರುತ್ತದೆ, ಬರಲಿ. ಶರಬತ್ತು ಕುಡಿಯಿರಿ, ವಾಂತಿಯಲ್ಲಿ ಹೋದ ನೀರಿಗೆ ಅದು ಒಳ್ಳೆಯದೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟ ಹಾಗೆ ಅನಿಸುತ್ತದಲ್ಲ? ಅಲ್ಲಿ ಕಿವಿ ಸರಿಯಾಗೇ ಇರುತ್ತದೆ, ಮೋಸ ಹೋಗುವುದು ಕಣ್ಣು. ಪ್ಲಾಟ್‌ಫಾರ್ಮಿನ ಕಂಬ ನೋಡಿ, ತಕ್ಷಣ ನಿಲ್ಲುತ್ತದೆ.